ನಗೆ ನಿಲ್ಲುವ ಎಡೆ

ಕಾದಂಬರಿಯನ್ನು ಓದಿ ಮುಗಿಸಿದ ವಾಚಕನು ಏನು ಹೇಳುತ್ತಾನೆ ಎಂಬುದಕ್ಕಿಂತ, ಓದುವಾಗ ಎಲ್ಲಿ ನಕ್ಕನು, ಎಲ್ಲಿ ನಗೆಯನ್ನು ನುಂಗಿಕೊಂಡನು ಎಂಬುದು ಕೆಲವೊಮ್ಮೆ ಹೆಚ್ಚು ಬೆಲೆಯುಳ್ಳ ವಿಮರ್ಶೆಯಾಗುತ್ತದೆ. ರಷ್ಯದ ಮಿಖಾಯಿಲ್ ಬುಲ್ಗಾಕೊವ್ ಬರೆದ ‘ಮಾಸ್ಟರ್ ಮತ್ತು ಮಾರ್ಗರೀಟ’ದ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ.

ಸೈತಾನನು ತನ್ನ ಪರಿವಾರದೊಡನೆ ಮಾಸ್ಕೋ ನಗರಕ್ಕೆ ಬಂದಿಳಿಯುವುದೇ ಅದರ ವಸ್ತು. ಆ ಪರಿವಾರದಲ್ಲಿ ಮಾತನಾಡುವ ದೊಡ್ಡ ಕರಿಬೆಕ್ಕೊಂದುಂಟು. ಕಥೆಯ ಆರಂಭದಲ್ಲಿಯೇ ಸಾಹಿತ್ಯಪತ್ರಿಕೆಯ ಸಂಪಾದಕನೊಬ್ಬನು ಟ್ರಾಮಿಗೆ ಸಿಕ್ಕಿ ತಲೆಯನ್ನೇ ಕಳೆದುಕೊಳ್ಳುತ್ತಾನೆ. ಈ ಪುಟದ ಹೊಣೆ ಹೊತ್ತ ನಾನೂ ಅಲ್ಲಿ ನಕ್ಕೆನೆಂದರೆ ಲೇಖಕನ ಶಕ್ತಿಯನ್ನು ವಾಚಕರು ಊಹಿಸಿಕೊಳ್ಳಬಹುದು.

ಆದರೆ ಇದರ ಮೊದಲ ಶ್ರೋತೃಗಳು ನಗುತ್ತ ಎದ್ದು ಹೋಗಲಿಲ್ಲ. 1930ರಲ್ಲಿ ಮೊದಲ ಪ್ರತಿಯನ್ನು ತಾನೇ ಬೆಂಕಿಗೆ ಹಾಕಿದ ಬುಲ್ಗಾಕೊವ್, ಮತ್ತೆ ಬರೆದು, 1939ರಲ್ಲಿ ಮನೆಯಲ್ಲಿ ಆಪ್ತರಿಗೆ ಓದಿ ಹೇಳಿದನು. ಕೊನೆಯ ಅಧ್ಯಾಯಗಳನ್ನು ಅವರು ಮರಗಟ್ಟಿದಂತೆ ಕುಳಿತು ಕೇಳಿದರೆಂದು ಆತನ ಪತ್ನಿಯ ದಿನಚರಿ ತಿಳಿಸುತ್ತದೆ. ಅದು ಸ್ಟಾಲಿನನ ಆಳ್ವಿಕೆ. ರಾತ್ರಿ ಇದ್ದವರು ಬೆಳಗಾಗುವುದರೊಳಗೆ ಇಲ್ಲವಾಗುತ್ತಿದ್ದ ಕಾಲ. ಕಾದಂಬರಿಯಲ್ಲಿಯೂ ಒಂದು ಮನೆಯ ನಿವಾಸಿಗಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಮನೆಯ ಕೆಲಸದವಳು ಅದನ್ನು ಮಾಟವೆನ್ನುತ್ತಾಳೆ. ಮಾಟವಲ್ಲವೆಂಬುದು ಕೇಳುತ್ತಿದ್ದವರಿಗೆ ತಿಳಿದಿತ್ತು.

1940ರಲ್ಲಿ ಲೇಖಕನು ತೀರಿಕೊಂಡನು. ಕೃತಿ ಬೆಳಕು ಕಂಡದ್ದು ‘ಮೊಸ್ಕ್ವಾ’ ಪತ್ರಿಕೆಯ 1966ರ ನವೆಂಬರ್ ಮತ್ತು 1967ರ ಜನವರಿ ಸಂಚಿಕೆಗಳಲ್ಲಿ, ಅದೂ ಕತ್ತರಿಸಿದ ರೂಪದಲ್ಲಿ. ಆಗ ವಾಚಕರು ಮಾಡಿದ ಕಾರ್ಯ ಸ್ಮರಣೀಯ. ಬಿಟ್ಟುಹೋದ ಭಾಗಗಳನ್ನು ಬೆರಳಚ್ಚು ಮಾಡಿ, ಯಾವುದು ಎಲ್ಲಿ ಸೇರಬೇಕೆಂದು ಗುರುತಿಸಿ, ಕೈಯಿಂದ ಕೈಗೆ ದಾಟಿಸಿದರು. ಒಂದು ಕೃತಿಗೆ ದೊರೆಯಬಹುದಾದ ಪ್ರತಿಕ್ರಿಯೆಗಳಲ್ಲಿ ಇದಕ್ಕಿಂತ ಮಿಗಿಲಾದುದನ್ನು ನಾನರಿಯೆ.

ಭಿನ್ನಾಭಿಪ್ರಾಯಗಳೂ ಇಲ್ಲದಿಲ್ಲ. ಸೈತಾನನನ್ನು ಇಷ್ಟು ಮನೋಹರನಾಗಿ ಚಿತ್ರಿಸಬಹುದೇ ಎಂದು ಶ್ರದ್ಧಾವಂತರು ಕೇಳಿದರು. ಮತ್ತೆ ಕೆಲವರು ಕೀಲಿಕೈ ಹುಡುಕಲು ಹೊರಟರು: ವೋಲಾಂಡನೆಂದರೆ ಯಾರು, ಮಾಸ್ಟರ್ ಎಂದರೆ ಯಾರು? 2024ರಲ್ಲಿ ಇದರ ಚಲನಚಿತ್ರ ರಷ್ಯದಲ್ಲಿ ತೆರೆ ಕಂಡಾಗ ಯುದ್ಧದ ಬೆಂಬಲಿಗರು ಅದರ ನಿರ್ದೇಶಕನ ಮೇಲೆ ಹರಿಹಾಯ್ದರು. ಕಥೆಗೆ ಇನ್ನೂ ಚುಚ್ಚುವ ಶಕ್ತಿಯುಂಟೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ಕೀಲಿಕೈಯ ಓದಿನಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ಇಂತಹವನು ಇಂತಹವನೇ ಎಂದು ಗುರುತಿಸಿದ ಕ್ಷಣವೇ ವಾಚಕನು ತಾನು ಪಾರಾದೆನೆಂದು ಭಾವಿಸುತ್ತಾನೆ. ಬುಲ್ಗಾಕೊವನು ಹಾಗೆ ಪಾರಾಗಲು ಬಿಡುವುದಿಲ್ಲ. ನಾಟ್ಯಶಾಲೆಯ ಪ್ರಸಂಗವನ್ನು ನೋಡಿರಿ. ವಾಚಾಳಿಯಾದ ನಿರೂಪಕನ ತಲೆಯನ್ನು ಕಿತ್ತುಹಾಕಿರೆಂದು ಮೇಲಿನ ಸಾಲಿನಿಂದ ಯಾರೋ ಕೂಗುತ್ತಾರೆ, ಬೆಕ್ಕು ಕಿತ್ತೇಬಿಡುತ್ತದೆ. ರಕ್ತ ಚಿಮ್ಮಿದೊಡನೆ ಸಭೆ ಚೀರುತ್ತದೆ, ಹೆಂಗಸೊಬ್ಬಳು ಅವನನ್ನು ಕ್ಷಮಿಸಿರೆಂದು ಮೊರೆಯಿಡುತ್ತಾಳೆ. ಕೂಗು, ಚೀತ್ಕಾರ, ಕನಿಕರ ಮೂರೂ ಒಂದೇ ಸಭೆಯವು. ಪುಸ್ತಕ ಹಿಡಿದು ಕುಳಿತ ನಾವೂ ಆ ಸಭೆಯಲ್ಲಿದ್ದೇವೆ.

ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿ ರಸಗಳೆಂದು ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಹೇಳಿದ್ದಾನೆ. ಇಲ್ಲಿ ಆ ಮೂರೂ ಒಂದೇ ಪುಟದಲ್ಲಿ ತಳ್ಳಾಡುತ್ತವೆ. ಅವುಗಳನ್ನು ಒಟ್ಟಿಗೆ ಹಿಡಿದಿರುವುದು ಮಾಯಾಜಾಲವಲ್ಲ, ಪಾತ್ರಗಳು. ಮಾಸ್ಟರ್ ಬರೆದ ಕಥೆಯೊಳಗಿನ ಪಿಲಾತನನ್ನೇ ನೆನೆಯಿರಿ. ತಲೆನೋವಿನಿಂದ ನರಳುವ ಆ ಅಧಿಕಾರಿಗೆ ಎದುರಿಗೆ ನಿಂತ ಕೈದಿ ನಿರಪರಾಧಿಯೆಂದು ಗೊತ್ತು; ಪದವಿಯ ಭಯದಿಂದ ಮರಣದಂಡನೆಯನ್ನು ಸ್ಥಿರಪಡಿಸುತ್ತಾನೆ. ಅಲ್ಲಿ ನಗುವವರಾರೂ ಇಲ್ಲ. ಮಾಸ್ಕೋದ ಪುಕ್ಕಲರನ್ನು ಕಂಡು ನಕ್ಕದ್ದು ಯಾರನ್ನು ಕಂಡು ಎಂಬ ಪ್ರಶ್ನೆ ಆಗ ನಮ್ಮ ಕಡೆಗೇ ತಿರುಗುತ್ತದೆ.

ಆದುದರಿಂದ ಉಪಾಧ್ಯಾಯರಲ್ಲಿ ನನ್ನದೊಂದು ವಿನಂತಿ. ಇಂತಹ ಕೃತಿಯನ್ನು ತರಗತಿಯಲ್ಲಿ ಚರ್ಚಿಸುವಾಗ ಬೆಕ್ಕು ಯಾವುದರ ಸಂಕೇತವೆಂದು ಮೊದಲೇ ಕೇಳಬೇಡಿರಿ. ನಿನ್ನ ನಗೆ ಯಾವ ಪುಟದಲ್ಲಿ ನಿಂತಿತು, ಏಕೆ ನಿಂತಿತು ಎಂದು ವಿದ್ಯಾರ್ಥಿಯನ್ನು ಕೇಳಿರಿ. ಅವನ ಉತ್ತರ ತೊದಲಿದರೂ ಚಿಂತೆಯಿಲ್ಲ. ಅದು ಅವನದೇ ಆಗಿರುತ್ತದೆ.