ಅನ್ವಯವನ್ನು ಮರೆತ ಪಾಠ

ಕನ್ನಡ ತರಗತಿಗಳಲ್ಲಿ ಒಂದು ಕಾಲಕ್ಕೆ ಪದ್ಯಪಾಠವು ಪದಚ್ಛೇದ, ಪ್ರತಿಪದಾರ್ಥ, ಅನ್ವಯ, ಭಾವಾರ್ಥ ಎಂಬ ಕ್ರಮದಲ್ಲಿ ಸಾಗುತ್ತಿತ್ತು. ಇಂದು ಮಾರ್ಗದರ್ಶಿ ಪುಸ್ತಕಗಳ ಪ್ರಭಾವದಿಂದ ಪದಗಳ ಅರ್ಥ ಹಾಗೂ ಸಾರಾಂಶ ಇವೆರಡೇ ಉಳಿದು, ನಡುವಿನ ಅನ್ವಯವು ಬಹುಮಟ್ಟಿಗೆ ಮರೆಯಾಗಿದೆ. ಪರೀಕ್ಷೆಗೆ ಇಷ್ಟು ಸಾಕೆಂಬ ವಾದವುಂಟು. ಮಾನವನ ಮಿದುಳು ಮಾತನ್ನು ಗ್ರಹಿಸುವ ಬಗೆಯನ್ನು ಅರಿತವರು ಈ ವಾದವನ್ನು ಒಪ್ಪಲಾರರು.

1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ ಅವರು, ‘ಟಾನ್’ ಎಂಬ ಉಚ್ಚಾರವನ್ನು ಬಿಟ್ಟರೆ ಹೆಚ್ಚೇನನ್ನೂ ಆಡಲಾರದ ರೋಗಿಯೊಬ್ಬನ ಮಿದುಳನ್ನು ಮರಣಾನಂತರ ಪರೀಕ್ಷಿಸಿ, ಎಡ ಮುಂಭಾಗದಲ್ಲಿ ಹಾನಿಯಿದ್ದುದನ್ನು ತೋರಿಸಿದರು. ಇಂತಹವರಿಗೆ ಆಡುವ ಶಕ್ತಿ ಕುಂದಿದರೂ ತಿಳಿಯುವ ಶಕ್ತಿ ಕುಂದದೆಂದು ಬಹುಕಾಲ ಭಾವಿಸಲಾಗಿತ್ತು. 1976ರಲ್ಲಿ ಕರಮಾಜಾ ಮತ್ತು ಜುರಿಫ್ ಎಂಬ ಸಂಶೋಧಕರು ಈ ಭಾವನೆಯನ್ನು ಅಲುಗಿಸಿದರು. ‘ಹುಡುಗ ತಿನ್ನುತ್ತಿರುವ ಸೇಬು’ ಎಂಬಂತಹ ಮಾತು ರೋಗಿಗಳಿಗೆ ತಿಳಿಯುತ್ತಿತ್ತು. ಸೇಬು ಹುಡುಗನನ್ನು ತಿನ್ನಲಾರದಷ್ಟೆ. ‘ನಾಯಿ ಅಟ್ಟುತ್ತಿರುವ ಬೆಕ್ಕು’ ಎಂಬಂತಹ ಮಾತು ಬಂದಾಗ ಯಾವುದು ಯಾವುದನ್ನು ಅಟ್ಟುತ್ತಿದೆಯೆಂಬುದು ತಿಳಿಯದೆ ಊಹೆಯಿಂದ ಚಿತ್ರವನ್ನು ಆರಿಸುತ್ತಿದ್ದರು. ಬಿಡಿ ಪದಗಳು ಅವರಿಗೆ ಗೊತ್ತಿದ್ದವು. ಅವುಗಳ ಸಂಬಂಧ ಕೈತಪ್ಪಿತ್ತು. ಪ್ರತಿಪದಾರ್ಥವನ್ನು ತಪ್ಪಿಲ್ಲದೆ ಒಪ್ಪಿಸಿ, ಕರ್ತೃಪದ ಯಾವುದೆಂದು ಕೇಳಿದೊಡನೆ ಮೌನ ತಾಳುವ ವಿದ್ಯಾರ್ಥಿಯದು ರೋಗವಲ್ಲ. ಅವನಿಗೆ ಕಲಿಸಬೇಕಾದುದನ್ನು ಕಲಿಸಿಲ್ಲ, ಅಷ್ಟೆ.

2016ರಲ್ಲಿ ಪ್ರಕಟವಾದ ನಾಯ್ ಡಿಂಗ್, ಡೇವಿಡ್ ಪೋಪಲ್ ಮೊದಲಾದವರ ಪ್ರಯೋಗವು ಇನ್ನೂ ಸ್ವಾರಸ್ಯಕರವಾಗಿದೆ. ಚೀನೀ ಭಾಷೆಯ ಅಕ್ಷರಗಳನ್ನು ಕಾಲು ಸೆಕೆಂಡಿಗೊಂದರಂತೆ, ನಡುವೆ ನಿಲುಗಡೆಯಿಲ್ಲದೆ, ಏರಿಳಿತದ ಸುಳಿವೂ ಸಿಗದಂತೆ ಕೇಳಿಸಲಾಯಿತು. ಎರಡು ಅಕ್ಷರ ಕೂಡಿದರೆ ಪದಪುಂಜ. ನಾಲ್ಕು ಕೂಡಿದರೆ ವಾಕ್ಯ. ಭಾಷೆ ಬಲ್ಲವರ ಮಿದುಳಿನಲ್ಲಿ ಕಾಲು ಸೆಕೆಂಡಿನ ಲಯದೊಡನೆ ಅರ್ಧ ಸೆಕೆಂಡಿನ ಮತ್ತು ಒಂದು ಸೆಕೆಂಡಿನ ಲಯಗಳೂ ಕಾಣಿಸಿಕೊಂಡವು. ಅರಿಯದವರಲ್ಲಿ ಅಕ್ಷರದ ಲಯವೊಂದೇ! ಕಿವಿಗೆ ಬೀಳದ ಕಟ್ಟನ್ನು ಮಿದುಳು ತಾನಾಗಿಯೇ ಕಟ್ಟಿಕೊಳ್ಳುತ್ತದೆ.

ನಮ್ಮ ಶಾಸ್ತ್ರಕಾರರು ವಾಕ್ಯಾರ್ಥಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂದರು. ‘ಬೆಂಕಿಯಿಂದ ತೋಯಿಸು’ ಎಂಬಲ್ಲಿ ಯೋಗ್ಯತೆಯಿಲ್ಲ ಎಂಬುದು ತರ್ಕಶಾಸ್ತ್ರದ ವಿದ್ಯಾರ್ಥಿಗಳಿಗೆ ಚಿರಪರಿಚಿತ ಉದಾಹರಣೆ. ಇಂತಹ ಒಗ್ಗದ ಪದ ಕಂಡ ಸುಮಾರು 400 ಮಿಲಿಸೆಕೆಂಡುಗಳಲ್ಲಿ ಮಿದುಳಿನ ವಿದ್ಯುತ್ತರಂಗವೊಂದು ಹೆಚ್ಚುವುದನ್ನು ಕುಟಾಸ್ ಮತ್ತು ಹಿಲ್ಯಾರ್ಡ್ 1980ರಲ್ಲಿ ವರದಿ ಮಾಡಿದರು. ಪ್ರಾಚೀನರಿಗೆ ಮಿದುಳಿನ ರಹಸ್ಯವೆಲ್ಲ ತಿಳಿದಿತ್ತೆಂದು ಇದರಿಂದ ಹೇಳಹೊರಡುವುದು ಅತಿರೇಕವಾದೀತು. ಆದರೆ ಅವರು ಪ್ರಶ್ನೆಯನ್ನು ಸರಿಯಾದ ಸ್ಥಳದಲ್ಲಿಯೇ ಕೇಳಿದ್ದರು.

ಹಳಗನ್ನಡ ಪದ್ಯದಲ್ಲಿ ಛಂದಸ್ಸಿನ ಸಲುವಾಗಿ ಈ ಸನ್ನಿಧಿಯೇ ಮುರಿಯುತ್ತದೆ. ಕರ್ತೃ ಮೊದಲ ಸಾಲಿನಲ್ಲಿದ್ದರೆ ಕ್ರಿಯಾಪದ ಕೊನೆಯ ಸಾಲಿನಲ್ಲಿರಬಹುದು, ವಿಭಕ್ತಿಪ್ರತ್ಯಯ ಲೋಪವಾಗಿರಲೂಬಹುದು. ಅನ್ವಯವಿಲ್ಲದೆ ಇದನ್ನು ಕಲಿಸುವುದೆಂದರೆ ಹುಡುಗನನ್ನು ಊಹೆಗೆ ಬಿಡುವುದೆಂದೇ ಅರ್ಥ. ವಚನಗಳ ಭಾಷೆ ಸರಳವಾದರೂ, ಪ್ರಾರ್ಥನಾ ಸಭೆಯಲ್ಲಿ ಮಕ್ಕಳು ಪದಪುಂಜದ ನಡುವೆಯೇ ಉಸಿರು ನಿಲ್ಲಿಸುವುದು ಅಪರೂಪವಲ್ಲ.

ಅನ್ವಯಪಾಠಕ್ಕೆ ಹೊಸ ಕಟ್ಟಡವಾಗಲಿ ಉಪಕರಣವಾಗಲಿ ಬೇಕಿಲ್ಲ. ವಾರಕ್ಕೊಂದು ಅವಧಿ ಸಾಕು. ಮಠದ ಶಾಲೆಗಳಲ್ಲಿ ದಾನಿಗಳು ಸ್ಥಾಪಿಸಿರುವ ಕಂಠಪಾಠದ ದತ್ತಿ ಬಹುಮಾನಗಳಲ್ಲಿ ಒಂದನ್ನಾದರೂ ಇದಕ್ಕೆ ಮೀಸಲಿಡಬಹುದು: ವಿದ್ಯಾರ್ಥಿಯು ಹಿಂದೆಂದೂ ಓದದ ಪದ್ಯವೊಂದನ್ನು ನೋಡಿ, ಅದನ್ನು ಗದ್ಯಕ್ರಮದಲ್ಲಿ ಅನ್ವಯಿಸಿ ಹೇಳಬೇಕು.