ಹಳೇ ಕಂಬ ಸಾಕು, ಹಳೇ ತಂತಿ ಬೇಡ

ಶಿವಾಜಿನಗರದ ಗುಜರಿ ಅಂದ್ರೆ ಮೂಗು ಮುರಿಯೋರು ಕೆಲವರು. ಅದೇ ಗುಜರಿ ಕೆಲಸಕ್ಕೆ 'ಜುಗಾಡ್' ಅಂತ ಹೆಸರಿಟ್ಟು ಇಂದಿರಾನಗರದ ಕೆಫೆಯಲ್ಲಿ ಎದೆ ಉಬ್ಬಿಸೋರು ಇನ್ನು ಕೆಲವರು. ನನ್ನ ಜಗಳ ಇಬ್ಬರ ಜೊತೆಗೂ ಇದೆ. ವಿಷಯ ಏನು ಗೊತ್ತಾ? ರೇಸಿಂಗ್ ಡಿಂಗಿ, ಅಂದ್ರೆ ಒಬ್ಬರೋ ಇಬ್ಬರೋ ಓಡಿಸುವ ಪುಟ್ಟ ಹಾಯಿದೋಣಿ. ಅದಕ್ಕೆ ಸೆಕೆಂಡ್ ಹ್ಯಾಂಡ್ ಮಾಸ್ಟ್ ಹಾಕಬಹುದಾ, ಬೇಡವಾ?

ಮೊದಲು ಮೂಗು ಮುರಿಯೋರಿಗೆ. "ರೇಸ್ ಅಂದ್ಮೇಲೆ ಹೊಸದೇ ಬೇಕು" ಅಂತೀರಲ್ಲ, ಹಲಸೂರು ಕೆರೆ ಕಡೆ ಒಮ್ಮೆ ನೋಡಿ. ಕೆರೆಯ ಪಕ್ಕದಲ್ಲೇ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ. ಅದು ಯಾವ ಕೋರ್ ಆಫ್ ಎಂಜಿನಿಯರ್ಸ್‌ಗೆ ಸೇರಿದೆಯೋ, ಅದೇ ಕೋರ್‌ನ ಸೈನಿಕರು 1985ರಲ್ಲಿ 'ತೃಷ್ಣಾ' ಎಂಬ ಯಾಟ್‌ನಲ್ಲಿ ಹೊರಟು, ಭೂಮಿ ಸುತ್ತಿ, 1987ರ ಜನವರಿಯಲ್ಲಿ ಮುಂಬೈ ತಲುಪಿದರು. ಹಾಗೆ ಪ್ರಪಂಚ ಸುತ್ತಿದ ಮೊದಲ ಭಾರತೀಯ ತಂಡ ಅದು. ದೋಣಿ? ಸೆಕೆಂಡ್ ಹ್ಯಾಂಡ್!

ಅಲ್ಯೂಮಿನಿಯಂ ಮಾಸ್ಟ್‌ಗೆ ವಯಸ್ಸಾಯ್ತು ಅನ್ನೋದೇ ದೋಷ ಅಲ್ಲ. ನೆಗ್ಗು, ಬಿರುಕು, ಸೊಟ್ಟ ಇದ್ರೆ ದೋಷ. ಸ್ಟೀಲ್ ರಿವೆಟ್ ಸುತ್ತ ಬಿಳಿ ಪುಡಿ ಎದ್ದಿದ್ರೆ ಅನುಮಾನ ಪಡಿ, ಎರಡು ಲೋಹ ಸೇರಿದ ಕಡೆ ಅಲ್ಯೂಮಿನಿಯಂ ಸವೆಯುತ್ತೆ. ಇವೆಲ್ಲ ಕಣ್ಣಿಗೆ ಕಾಣುತ್ತವೆ. ಉದ್ದ ಹೆಚ್ಚಾದ್ರೆ ಸಾಮಾನ್ಯವಾಗಿ ಬುಡದಲ್ಲಿ ಕತ್ತರಿಸಬಹುದು.

ಈಗ ಜುಗಾಡ್ ವೀರರಿಗೆ. "ನಡೆಯುತ್ತೆ ಬಿಡು ಗುರು" ಅನ್ನೋ ಮಾತು ನೀರಿನ ಮೇಲೆ ನಡೆಯಲ್ಲ. ಎಷ್ಟೋ ಡಿಂಗಿಗಳಲ್ಲಿ ಮಾಸ್ಟ್ ನಿಲ್ಲೋದು ಮೂರೇ ತಂತಿಯ ಮೇಲೆ: ಎಡಬಲಕ್ಕೆ ಒಂದೊಂದು, ಮುಂದಕ್ಕೆ ಒಂದು. ಸ್ಟೇನ್‌ಲೆಸ್ ತಂತಿ ದಣಿಯೋದು ಒತ್ತಿ ಕೂರಿಸಿದ ತುದಿಯ ಒಳಗೆ. ಹೊರಗೆ ಮಿರಮಿರ ಮಿಂಚ್ತಾ ಇರುತ್ತೆ, ಒಳಗೆ ಒಂದೊಂದೇ ಎಳೆ ಕಡಿದಿರುತ್ತೆ. ಒಂದು ತಂತಿ ಹೋದ್ರೆ ಇಡೀ ಕಂಬ ತಲೆ ಮೇಲೆ. ಹಾಗಾಗಿ ಕಂಬ ಹಳೇದಿರಲಿ. ತಂತಿ, ಪಿನ್ನು, ಹಗ್ಗ ಮಾತ್ರ ಹೊಸದೇ ಆಗಲಿ. ಅಲ್ಲಿ ಉಳಿಸಿದ ದುಡ್ಡು ಉಳಿತಾಯ ಅಲ್ಲ, ಜೊತೆಗೆ ಕೂತವನ ತಲೆಯ ಮೇಲೆ ಮಾಡಿದ ಸಾಲ.

ಇನ್ನೊಂದು ಮಾತು. ಕಂಬ ನಿಂತ ಮಾತ್ರಕ್ಕೆ ದೋಣಿ ರೇಸಿಗೆ ತಯಾರಾಗಲ್ಲ. ಹಾಯಿಯನ್ನು ಮಾಸ್ಟ್ ಎಷ್ಟು ಬಾಗುತ್ತೆ ಅನ್ನೋದನ್ನ ನೋಡಿ ಹೊಲಿದಿರ್ತಾರೆ. ಬೇರೆ ದೋಣಿಯ ಬಿರುಸಾದ ಕಂಬ ತಂದು ನಿಲ್ಲಿಸಿದ್ರೆ ಹಾಯಿಯ ಹೊಟ್ಟೆ ತುಂಬ್ಕೊಂಡೇ ಇರುತ್ತೆ, ಜೋರು ಗಾಳಿಯಲ್ಲಿ ದೋಣಿ ಮಾತು ಕೇಳಲ್ಲ. ಎರಡೂ ತುದಿಗೆ ಆಸರೆ ಕೊಟ್ಟು, ನಡುವೆ ತೂಕ ತೂಗುಹಾಕಿ, ಎಷ್ಟು ಬಾಗಿತು ಅಂತ ಅಳೆಯೋಕೆ ಅರ್ಧ ಗಂಟೆ ಸಾಕು. ಕ್ಲಾಸ್ ನಿಯಮವನ್ನೂ ಓದಿ. ಲೇಸರ್‌ನಂಥ ಕ್ಲಾಸ್‌ನಲ್ಲಿ ಅಧಿಕೃತ ತಯಾರಕರ ಮಾಸ್ಟ್ ಬಿಟ್ಟು ಬೇರೆ ಹಾಕಿದ್ರೆ ರೇಸಿಗೇ ಸೇರಿಸಲ್ಲ.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ? ಹಾಯಿದೋಣಿ ದುಡ್ಡಿದ್ದವರ ಆಟ ಅಂತ ಬರೆದಿಟ್ಟುಬಿಟ್ಟಿದೀವಿ. ಎಲ್ಲಾ ಹೊಸದೇ ಬೇಕು ಅನ್ನೋರು ಕೆ.ಆರ್. ಪುರಂನ ಹುಡುಗಿಯನ್ನ ದಡದಲ್ಲೇ ನಿಲ್ಲಿಸ್ತಾರೆ. ಏನಾದ್ರೂ ನಡೆಯುತ್ತೆ ಅನ್ನೋರು ಅವಳನ್ನ ನೀರಿಗೆ ಬೀಳಿಸ್ತಾರೆ. ಅವಳಿಗೆ ಬೇಕಿರೋದು ಹಳೇ ಕಂಬ, ಹೊಸ ತಂತಿ, ಅಳತೆ ಪಟ್ಟಿ ಹಿಡಿದು ಪಕ್ಕದಲ್ಲಿ ನಿಲ್ಲೋ ಒಬ್ಬ ತಿಳಿದವರು. ಅಷ್ಟೇ.