ಬೂದನ ಹಿಂಗಾಲು

ಈ ಸಲದ ಇ-ಪುಸ್ತಿಕೆಗೆ ಏನಾದರೂ ಬರಿ ಅಂತ ಸಂಘದವರು ಕೇಳಿದಾಗ, ಎತ್ತಿನ ಹಿಂಗಾಲಿನ ಬಗ್ಗೆ ಬರೀತೀನಿ ಅಂದೆ. ಎಲ್ಲರೂ ನಕ್ಕರು. ಬಾಡಿಗೆ, ವೀಸಾ, ಚಳಿ, ಊರಿನ ಊಟದ ನೆನಪು ಇವೆಲ್ಲ ಹೇಗೂ ಬಂದೇ ಬರುತ್ತವೆ. ಆದರೆ ನನ್ನನ್ನು ಇಡೀ ವರ್ಷ ಕಾಡಿದ್ದು ಒಂದು ಕಾಲು. ಅದಕ್ಕೇ ಈ ಲೇಖನ.

ನಾನು ಮೆಕ್ಯಾನಿಕಲ್ ಓದಿದವನು. ಈಗ ಇಲ್ಲಿ ರೋಬಾಟಿಕ್ಸ್‌ನಲ್ಲಿ ಮಾಸ್ಟರ್ಸ್ ಮಾಡುತ್ತಿದ್ದೇನೆ. ನಮ್ಮೂರು ತುಮಕೂರು ಜಿಲ್ಲೆಯ ಕೊರಟಗೆರೆ ತಾಲೂಕಿನಲ್ಲಿದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ತಾತನ ಹತ್ತಿರ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿದ್ದವು. ಒಂದರ ಹೆಸರು ಬೂದ. ಆ ವರ್ಷ ಬೂದನ ಬಲ ಹಿಂಗಾಲು ಕೈಕೊಟ್ಟಿತು. ಬೆಳಿಗ್ಗೆ ಕೊಟ್ಟಿಗೆಯಿಂದ ಹೊರಗೆ ಹೊಡೆದರೆ ಆ ಕಾಲು ಮಡಚುತ್ತಲೇ ಇರಲಿಲ್ಲ. ಕೋಲಿನ ಹಾಗೆ ನೇರವಾಗಿ ಹಿಂದಕ್ಕೆ ಚಾಚಿಕೊಂಡು, ಗೊರಸಿನ ತುದಿ ಮಣ್ಣಿನಲ್ಲಿ ಗೆರೆ ಎಳೆಯುತ್ತಿತ್ತು. ಹತ್ತು ಹೆಜ್ಜೆ ಆದಮೇಲೆ ಟಕ್ ಅಂತ ಬಿಟ್ಟುಕೊಂಡು ಕಾಲು ಮೇಲಕ್ಕೆ ಚಿಮ್ಮುತ್ತಿತ್ತು.

ಗಾಳಿ ಸೋಕಿದೆ ಅಂತ ಒಬ್ಬರು, ನರ ಹಿಡಿದಿದೆ ಅಂತ ಇನ್ನೊಬ್ಬರು ಹೇಳಿದರು. ಕೊನೆಗೆ ತೊಡೆಯ ಮೇಲೆ ಬರೆ ಹಾಕಿಸಿದರು. ವಾಸಿಯಾಗಲಿಲ್ಲ. ಉಳುಮೆಗೆ ಆಗದ ಎತ್ತನ್ನು ಎಷ್ಟು ದಿನ ಸಾಕೋದು? ಸಂತೆಯಲ್ಲಿ ಸಿಕ್ಕಷ್ಟಕ್ಕೆ ಮಾರಿಬಿಟ್ಟರು. ಆ ರಾತ್ರಿ ತಾತ ಊಟ ಮಾಡಲಿಲ್ಲ. ಇದು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಇಲ್ಲಿಗೆ ಬಂದಮೇಲೆ ನಾಲ್ಕು ಕಾಲಿನ ರೋಬಾಟ್‌ಗಳ ಪಾಠ ಶುರುವಾಯಿತು. ಪ್ರಾಣಿಗಳ ನಡಿಗೆ ಓದುವವರಿಗೆಲ್ಲ ಮೊದಲು ಸಿಗುವ ಹೆಸರು ಎಡ್ವರ್ಡ್ ಮೈಬ್ರಿಡ್ಜ್. ಆತ ಹುಟ್ಟಿದ್ದು 1830ರಲ್ಲಿ, ತೀರಿಕೊಂಡಿದ್ದು 1904ರಲ್ಲಿ, ಎರಡೂ ನಮ್ಮ ಲಂಡನ್ನಿನ ಕಿಂಗ್‌ಸ್ಟನ್‌ನಲ್ಲೇ. ಆತ ಬಿಟ್ಟುಹೋದ ಚಿತ್ರಗಳು, ಯಂತ್ರ ಈಗಲೂ ಕಿಂಗ್‌ಸ್ಟನ್ ಮ್ಯೂಸಿಯಂ ಸಂಗ್ರಹದಲ್ಲಿವೆ. ಕುದುರೆ ನಾಗಾಲೋಟದಲ್ಲಿ ಓಡುವಾಗ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೆಯೇ ಅನ್ನುವುದು ಆ ಕಾಲದ ದೊಡ್ಡ ಚರ್ಚೆ. ಚಿತ್ರಕಾರರು ಶತಮಾನಗಳಿಂದ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಹಾರುವ ಕುದುರೆಯನ್ನೇ ಬರೆಯುತ್ತಿದ್ದರು. 1878ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಮೈಬ್ರಿಡ್ಜ್ ಹನ್ನೆರಡು ಕ್ಯಾಮರಾ ಸಾಲಾಗಿ ಇಟ್ಟು ಫೋಟೊ ತೆಗೆದ. ನಾಲ್ಕೂ ಕಾಲು ನೆಲ ಬಿಡುವುದು ನಿಜ. ಆದರೆ ಕಾಲು ಚಾಚಿದಾಗಲ್ಲ, ನಾಲ್ಕನ್ನೂ ಹೊಟ್ಟೆಯ ಕೆಳಗೆ ಒಟ್ಟುಮಾಡಿಕೊಂಡಾಗ. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ನಮ್ಮಲ್ಲಿ ಮಾತ್ರ ಇಲ್ಲ ಅಂತ ಗೊತ್ತಾಗಿ ನಗು ಬಂತು.

ಒಂದು ಶನಿವಾರ ಕಿಂಗ್‌ಸ್ಟನ್‌ಗೆ ಹೋಗಿ ಬರುವಾಗ ಟ್ರೈನಿನಲ್ಲಿ ಬೂದನ ಕಥೆ ಹೇಳಿದೆ. ಜೊತೆಗಿದ್ದ ಗೆಳತಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಈಗ ಕ್ಯಾಮ್ಡೆನ್‌ನ ರಾಯಲ್ ವೆಟರ್ನರಿ ಕಾಲೇಜಿನಲ್ಲಿ ಮುಂದಿನ ಓದು ಮಾಡುತ್ತಿದ್ದಾಳೆ. ನಾನು ಮುಗಿಸುವ ಮೊದಲೇ ಕೇಳಿದಳು: "ಬೆಳಿಗ್ಗೆ ಜಾಸ್ತಿ ಇರ್ತಿತ್ತು, ನಡೀತಾ ನಡೀತಾ ಟಕ್ ಅಂತ ಬಿಡ್ತಿತ್ತು, ಅಲ್ವಾ? ಮಂಡಿಚಿಪ್ಪು ಸಿಕ್ಕಿಕೊಂಡಿತ್ತು ಕಣೋ."

ಅವಳು ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹಸು, ಎತ್ತು, ಕುದುರೆಗಳ ಹಿಂಗಾಲಿನ ಮಂಡಿ ಹಿಂದಕ್ಕೆ ಮಡಚುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಮಂಡಿ ಅಲ್ಲ, ನಮ್ಮ ಪಾದದ ಹರಡು ಇದ್ದ ಹಾಗೆ. ನಿಜವಾದ ಮಂಡಿ ಮೇಲೆ, ಹೊಟ್ಟೆಯ ಪಕ್ಕದಲ್ಲಿದೆ. ಅದು ನಮ್ಮ ಮಂಡಿಯ ಹಾಗೆಯೇ ಮಡಚುತ್ತದೆ. ಎತ್ತು ನಡೆಯುವುದು ಎರಡು ಬೆರಳಿನ ತುದಿಯ ಮೇಲೆ, ಕುದುರೆ ಒಂದೇ ಬೆರಳಿನ ಮೇಲೆ. ಮುಂಗಾಲು ಮೈಗೆ ಸೇರಿರುವುದು ಬರೀ ಮಾಂಸಖಂಡಗಳಿಂದ. ಹಿಂಗಾಲು ಮಾತ್ರ ಸೊಂಟದ ಮೂಳೆಯ ಮೂಲಕ ಬೆನ್ನುಮೂಳೆಗೇ ಸೇರಿಕೊಂಡಿದೆ. ಮುಂಗಾಲು ಹೆಚ್ಚು ಭಾರ ಹೊರುತ್ತದೆ, ಹಿಂಗಾಲು ಮೈಯನ್ನು ಮುಂದಕ್ಕೆ ತಳ್ಳುತ್ತದೆ. ನೇಗಿಲು ಎಳೆಯುವ ಶಕ್ತಿ ಹೆಚ್ಚಾಗಿ ಹಿಂದಿನಿಂದ ಬರುವುದು ಅದಕ್ಕೇ.

ಮಂಡಿಚಿಪ್ಪನ್ನು ಕೆಳಗಿನ ಮೂಳೆಗೆ ಮೂರು ಗಟ್ಟಿ ಪಟ್ಟಿಗಳು ಹಿಡಿದಿರುತ್ತವೆ. ಕುದುರೆ ಬೇಕೆಂದಾಗ ಚಿಪ್ಪನ್ನು ತೊಡೆಮೂಳೆಯ ಏಣಿಗೆ ಚಿಲಕದ ಹಾಗೆ ಸಿಕ್ಕಿಸಿಕೊಂಡು ಕಾಲನ್ನು ಲಾಕ್ ಮಾಡುತ್ತದೆ. ಕುದುರೆ ನಿಂತೇ ತೂಕಡಿಸುವುದು ಈ ಉಪಾಯದಿಂದ. ಎತ್ತಿಗೆ ಈ ಚಿಲಕದ ಅಗತ್ಯವಿಲ್ಲ, ಅದು ಮಲಗಿ ನಿದ್ದೆ ಮಾಡುತ್ತದೆ. ಆದರೂ ಕೆಲವು ಎತ್ತು, ಎಮ್ಮೆಗಳಲ್ಲಿ ಚಿಪ್ಪು ಹಾಗೇ ಮೇಲೆ ಸಿಕ್ಕಿಕೊಂಡುಬಿಡುತ್ತದೆ. ಕಾಲು ಕೋಲಾಗುತ್ತದೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಳಬದಿಯ ಒಂದು ಪಟ್ಟಿಯನ್ನು ಕತ್ತರಿಸಿದರೆ ಚಿಲಕ ಬಿಡುತ್ತದೆ. ಕೆಲವೇ ನಿಮಿಷದ ಕೆಲಸ. ಬಹಳಷ್ಟು ದನಗಳು ಆಗಲೇ ಎದ್ದು ಸರಿಯಾಗಿ ನಡೆದುಹೋಗುತ್ತವೆ. ನಮ್ಮ ದೇಶದ ಪಶುವೈದ್ಯರಿಗೆ ಇದು ಹೊಸದೇನೂ ಅಲ್ಲ.

ವಾಟರ್‌ಲೂನಲ್ಲಿ ಇಳಿಯುವವರೆಗೂ ನಾನು ಮಾತಾಡಲಿಲ್ಲ.

ತಾತನಿಗೆ ಇದನ್ನು ಹೇಳಬೇಕೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ಆಮೇಲೆ ವಿಡಿಯೊ ಕಾಲ್‌ನಲ್ಲಿ ಹೇಳಿಬಿಟ್ಟೆ. ನಾವು ಸರಿಯಾಗಿ ನೋಡಬೇಕಿತ್ತು ತಾತ ಅಂದೆ. ಅವರಿಗೆ ಸಿಟ್ಟು ಬಂತು. "ನೋಡಲಿಲ್ಲ ಅಂತೀಯೇನ್ಲಾ? ದಿನಾ ನೋಡಿದೀನಿ. ತಣ್ಣಗಿದ್ರೆ ಜಾಸ್ತಿ, ಬಿಸಿಲೇರಿದ್ರೆ ಕಮ್ಮಿ. ಎಡಕ್ಕೆ ತಿರುಗಿಸಿದ್ರೆ ಬೇಗ ಬಿಡ್ತಿತ್ತು. ಏನು ಅಂತ ಹೇಳೋರು ಯಾರಿದ್ರು?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆ ಹಾಕ್ಸಿದ್ದು ದಂಡ ಆಯ್ತಲ್ಲೋ" ಅಂದರು.

ನನ್ನ ಅಭಿಪ್ರಾಯ ಅಲ್ಲಿಂದ ಬದಲಾಯಿತು. ಮೈಬ್ರಿಡ್ಜ್‌ಗೆ ಕ್ಯಾಮರಾ ಬೇಕಾಗಿತ್ತು, ಯಾಕೆಂದರೆ ಆ ಓಟ ಕಣ್ಣಿಗೆ ಸಿಗುವಂಥದ್ದಲ್ಲ. ಬೂದನ ಕಾಲು ಕಣ್ಣಿಗೆ ಸಿಕ್ಕಿತ್ತು. ತಾತ ಹೇಳಿದ ಲಕ್ಷಣಗಳನ್ನು ಕೇಳಿ ನನ್ನ ಗೆಳತಿ ಲಂಡನ್ನಿನಲ್ಲಿ ಕೂತು ರೋಗ ಹೇಳಿದಳು. ನೋಡುವವರಿಗೂ ಗೊತ್ತಿರುವವರಿಗೂ ನಡುವೆ ಎರಡು ಸಾಲು ಕನ್ನಡ ಇರಲಿಲ್ಲ, ಅಷ್ಟೇ: ಹೀಗೆ ಕಂಡರೆ ಇದು ಇರಬಹುದು, ಇವರನ್ನು ಕರೆಯಿರಿ.

ಈಗ ನಮ್ಮೂರಲ್ಲಿ ಎತ್ತುಗಳು ಕಮ್ಮಿ. ಟ್ರ್ಯಾಕ್ಟರ್ ಬಂದಿದೆ, ಮನೆಮನೆಯಲ್ಲಿ ಮಿಶ್ರತಳಿ ಹಸುಗಳಿವೆ. ಅವು ದಿನವಿಡೀ ಸಿಮೆಂಟ್ ನೆಲದ ಮೇಲೆ ನಿಲ್ಲುತ್ತವೆ. ಹಾಲಿನ ಹಸುಗಳು ಕುಂಟುವುದು ಹೆಚ್ಚಾಗಿ ಹಿಂಗಾಲಿನ ಗೊರಸಿನ ತೊಂದರೆಯಿಂದ, ಅದರಲ್ಲೂ ಹೊರಬದಿಯ ಗೊರಸಿನಿಂದ. ಕರು ಹಾಕಿದ ಮೇಲೆ ಹಸು ಏಳದಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರಬಹುದು, ಅಥವಾ ಕಷ್ಟದ ಹೆರಿಗೆಯಲ್ಲಿ ಕಾಲಿನ ನರ ಒತ್ತಿಹೋಗಿರಬಹುದು. ಕಾಯಿಲೆ ಬೇರೆ, ಚಿಕಿತ್ಸೆ ಬೇರೆ. ಯಾವುದಕ್ಕೂ ಬರೆ ಮದ್ದಲ್ಲ.

ಬ್ರಿಟನ್ನಿನ ಹಾಲಿನ ರೈತರು ಸರಳವಾದ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಹಸುವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಡೆಸಿ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಬೆನ್ನು ನೇರ, ಹೆಜ್ಜೆ ಸಮ ಇದ್ದರೆ 0. ಹೆಜ್ಜೆ ಏರುಪೇರು, ಆದರೆ ಯಾವ ಕಾಲು ಅಂತ ತಿಳಿಯದಿದ್ದರೆ 1. ಒಂದು ಕಾಲಿಗೆ ಭಾರ ಬಿಡದೆ ನಡೆಯುವುದು ಕಂಡರೆ 2. ಬೇಗ ನಡೆಯುವ ಮನುಷ್ಯನ ಜೊತೆ ಹೆಜ್ಜೆ ಹಾಕಲಾಗದಿದ್ದರೆ 3. ಎರಡಾದರೆ ಬೇಗ ಗೊರಸು ತೋರಿಸಬೇಕು, ಮೂರಾದರೆ ತಡಮಾಡಲೇಬಾರದು. ಇದಕ್ಕೆ ಯಾವ ಉಪಕರಣವೂ ಬೇಡ.

ಹಸು ಕುಂಟುವುದನ್ನು ಕ್ಯಾಮರಾದಿಂದ ಕಂಡುಹಿಡಿಯುವ ಸಾಫ್ಟ್‌ವೇರ್ ಮಾಡುವುದು ನನ್ನ ಪ್ರಾಜೆಕ್ಟ್‌ನ ವಿಷಯ. ಅದನ್ನು ಕೈಬಿಡುವುದಿಲ್ಲ, ಸಾವಿರ ಹಸುಗಳ ಫಾರ್ಮ್‌ಗೆ ಅದು ಬೇಕು. ಆದರೆ ಎರಡು ಹಸು ಇರುವ ನಮ್ಮಮ್ಮನಿಗೆ ಬೇಡ. ದಿನಕ್ಕೆ ಎರಡು ಸಲ ಹಾಲು ಕರೆಯುವವರಿಗಿಂತ ಒಳ್ಳೆಯ ಕ್ಯಾಮರಾ ಎಲ್ಲಿದೆ? ಊರಿಗೆ ಏನಾದರೂ ಮಾಡಬೇಕು ಅಂದಕೂಡಲೇ ನಾವು ಇಂಜಿನಿಯರುಗಳು ಆ್ಯಪ್ ಅನ್ನುತ್ತೇವೆ. ನನ್ನ ಮಟ್ಟಿಗೆ ಅದಕ್ಕೂ ಮೊದಲು ಮಾಡಬೇಕಾದ್ದು ಒಂದು ಹಾಳೆ. ಊರಿನ ಹಾಲಿನ ಡೇರಿಯ ಗೋಡೆಗೆ ಅಂಟಿಸುವಂಥದ್ದು. ನಾಲ್ಕು ಅಂಕ, ನಾಲ್ಕು ಚಿತ್ರ, ಕೋಲಿನಂತೆ ನಿಂತ ಹಿಂಗಾಲಿನದು ಇನ್ನೊಂದು ಚಿತ್ರ, ಕೆಳಗೆ ಪಶು ಸಂಜೀವಿನಿ ಆಂಬುಲೆನ್ಸ್ ಕರೆಯುವ 1962 ಸಂಖ್ಯೆ.

ಹಾಳೆಯ ಕರಡು ನನ್ನ ಹತ್ತಿರ ಇದೆ. ತಪ್ಪಿದ್ದರೆ ಗೆಳತಿ ತಿದ್ದುತ್ತಾಳೆ. ನಿಮ್ಮಲ್ಲಿ ಚಿತ್ರ ಬರೆಯುವವರು ಒಬ್ಬರು ಬೇಕು. ಪದಗಳನ್ನು ತಾತನಿಗೆ ಓದಿ ತೋರಿಸಿದೆ. "ಪಾದರಜ್ಜು, ಸಂಧಿ ಇವೆಲ್ಲ ತೆಗಿ. ಕೀಲು ಅಂತ ಬರಿ" ಅಂದರು. ಬರೆದಿದ್ದೇನೆ.